ಹದಿನಾಲ್ಕನೇ ಟೇಕು

ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಯುದ್ಧ ಹೊಸದಲ್ಲ. ನಂಜನಗೂಡಿನ ಬಜಾರ್ ಬೀದಿಯಲ್ಲಿ ನನ್ನ ಅಂಗಡಿ ಶುರುವಾಗಿ ಹನ್ನೊಂದು ವರ್ಷವಾಯಿತು. ಗಂಡಿನ ಸೋದರಮಾವ ಎರಡೇ ಸೆಕೆಂಡು ಕಂಡರೆಂದು ಪೆನ್‌ಡ್ರೈವನ್ನು ನನ್ನ ಟೇಬಲ್ ಮೇಲೆ ಎಸೆದು ಹೋದವರಿದ್ದಾರೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ದಪ್ಪನೆಯ ಚಿಕ್ಕಪ್ಪನೊಬ್ಬ ಕ್ಯಾಮೆರಾಗೆ ಅಡ್ಡ ನಿಂತಾಗ, ಇನ್ನೊಂದು ಮದುವೆಯ ವಿಡಿಯೋದಿಂದ ಕೈ ತಂದು ತಾಳಿ ಕಟ್ಟಿಸಿದ್ದೇನೆ. ಆ ಗಂಡ ಹೆಂಡತಿ ಈಗಲೂ ಚೆನ್ನಾಗಿದ್ದಾರೆ. ಹಾಗಾಗಿ ತಿ. ನರಸೀಪುರದ ಶಿವಮಲ್ಲಪ್ಪನವರು ತಮ್ಮ ಐತಿಹಾಸಿಕ ಸಿನಿಮಾವನ್ನು ಮತ್ತೆ ಎಡಿಟ್ ಮಾಡಿಕೊಡು ಎಂದಾಗ ನಾನು ಹೆದರಲಿಲ್ಲ.

ಶಿವಮಲ್ಲಪ್ಪನವರು ರೈಸ್ ಮಿಲ್ ಮಾಲೀಕರು. ಅವರು ತೆಗೆಸಿದ ‘ಕೂಡಲ ಕೋಟೆ’ ಹೊಳೆದಂಡೆಯ ಒಬ್ಬ ಪಾಳೇಗಾರನ ಕಥೆ. ಪಾಳೇಗಾರ ಮಧ್ಯಾಹ್ನ ಉಂಡು ಮಲಗಿರುವಾಗ ಬಾಗಿಲು ಕಾಯುವವನು ವೈರಿಗಳಿಗೆ ಬಾಗಿಲು ತೆಗೆಯುತ್ತಾನೆ, ಕೋಟೆ ಬೀಳುತ್ತದೆ. ಎರಡು ವರ್ಷದ ಹಿಂದೆ ಬಿಡುಗಡೆಯಾಗಿ ನಾಲ್ಕೇ ದಿನಕ್ಕೆ ನಿಂತುಹೋಯಿತು. ನಮ್ಮ ಹಿರಿಯರು ಮಧ್ಯಾಹ್ನ ಮಲಗುತ್ತಿರಲಿಲ್ಲ ಎಂದು ಪಾಳೇಗಾರನ ವಂಶದವರು ಗಲಾಟೆ ಮಾಡಿದರು. ನಮ್ಮ ಹಿರಿಯರು ದ್ರೋಹಿಗಳಲ್ಲ ಎಂದು ಬಾಗಿಲು ಕಾಯುವವನ ವಂಶದವರು ಬಂದರು. ಆ ವಂಶ ಒಂದಿತ್ತೆಂದು ಸಿನಿಮಾ ಬರುವವರೆಗೆ ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಬಾಗಿಲು ಮಾಡಿದವರ ಕಡೆಯವರೂ ಬಂದು, ಬಾಗಿಲು ಮುರಿದ ಹಾಗೆ ಮಾತ್ರ ತೋರಿಸಬೇಡಿ ಎಂದು ಮೊದಲೇ ಹೇಳಿ ಹೋದರು.

ನರಸೀಪುರದಲ್ಲಿ ಶಾಂತಿಸಭೆ ನಡೆದು ಒಪ್ಪಂದಕ್ಕೆ ಸಹಿ ಬಿತ್ತು. ಪಾಳೇಗಾರ ಮಲಗಬಾರದು, ಬಾಗಿಲು ಮುರಿಯಬಾರದು, ಅದನ್ನು ಯಾರೂ ತೆಗೆಯಬಾರದು. ಆದರೆ ಕೋಟೆ ಬೀಳಬೇಕು, ಯಾಕೆಂದರೆ ಅದು ಚರಿತ್ರೆ.

ಮತ್ತೆ ಶೂಟಿಂಗ್ ಮಾಡುವ ಹಾಗಿರಲಿಲ್ಲ. ಕೋಟೆಯ ಬಾಗಿಲು ಆಗಲೇ ಒಂದು ಕಲ್ಯಾಣ ಮಂಟಪಕ್ಕೆ ಮಾರಾಟವಾಗಿತ್ತು, ನಿರ್ದೇಶಕ ಫೋನ್ ನಂಬರ್ ಬದಲಾಯಿಸಿದ್ದ. ಉಳಿದದ್ದು ಸಿನಿಮಾದಲ್ಲಿ ಬಳಸದೆ ಬಿಟ್ಟ ತುಣುಕುಗಳು. ಅವಿದ್ದ ಹಾರ್ಡ್ ಡಿಸ್ಕುಗಳಿಗೆ ತೇವ ತಾಗಬಾರದೆಂದು ಶಿವಮಲ್ಲಪ್ಪನವರು ಅಕ್ಕಿ ಮೂಟೆಯೊಳಗೆ ಇಟ್ಟಿದ್ದರು. ನಾನು ಕೊಡವಿಕೊಂಡು ನಂಜನಗೂಡಿಗೆ ತಂದೆ.

ಮೂರನೆಯ ದಿನ ಚಾಮಯ್ಯ ಎಂಬವನು ಅಂಗಡಿಗೆ ಬಂದ. ಅರವತ್ತರ ಆಸುಪಾಸಿನ ಆಳು. ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಸಿನಿಮಾದಲ್ಲಿ ಬಾಗಿಲು ತೆಗೆದವನು ಅವನೇ. ತೆಗೆಯುವಾಗ ಅವನು ನಕ್ಕ ನಗುವನ್ನು ಒಂದು ಪತ್ರಿಕೆ ‘ದ್ರೋಹದ ನಗು’ ಎಂದು ಬರೆದು ಹೊಗಳಿತ್ತು.

“ಅವ್ವಾ, ನಾನು ಬಾಗ್ಲು ತಗೀದಂಗೆ ಮಾಡ್ಕೊಡು” ಎಂದ.

ಕಳಲೆ ದಾರಿಯಲ್ಲಿ, ಸಿನಿಮಾ ತೆಗೆದ ಜಾಗದ ಪಕ್ಕದಲ್ಲೇ ಅವನ ಊರು. ಅಲ್ಲಿನ ಸಮುದಾಯ ಭವನದ ಬೀಗದ ಕೈ ಇಪ್ಪತ್ತೆರಡು ವರ್ಷ ಅವನ ಉಡಿದಾರದಲ್ಲಿತ್ತು. ಊರಿನ ಪಾತ್ರೆ, ಜಮಖಾನ, ಮೈಕ್ ಸೆಟ್ಟು ಎಲ್ಲವೂ ಅವನ ಸುಪರ್ದಿನಲ್ಲಿದ್ದವು. ಒಂದು ಚಮಚ ಕಳೆದಿರಲಿಲ್ಲ. ಸಿನಿಮಾ ನೋಡಿ ಬಂದ ವಾರಕ್ಕೆ ಊರವರು ಕೂತು ಮಾತಾಡಿ, ಬಾಗಿಲಿನ ವಿಷಯದಲ್ಲಿ ಇವನನ್ನು ನಂಬುವುದು ಕಷ್ಟ ಎಂದು ಬೀಗದ ಕೈ ಕಿತ್ತುಕೊಂಡು ರಘು ಎಂಬ ಪಂಚಾಯ್ತಿ ಮೆಂಬರಿಗೆ ಕೊಟ್ಟರು.

“ಅದು ಸಿನಿಮಾ ಅಂತ ಅವರಿಗೆ ಗೊತ್ತಿಲ್ವಾ?” ಎಂದೆ.

“ಗೊತ್ತದೆ ಕಣವ್ವ. ಆದ್ರೂ ಕಣ್ಣಾರೆ ನೋಡವ್ರಲ್ಲ. ವೊಸಾ ಸಿನಿಮಾದಲ್ಲಿ ನೀನು ತಗೀನಿಲ್ಲ ಅಂದ್ರೆ ಕೈ ವಾಪಸ್ ಕೊಡ್ತೀವಿ ಅಂತ ರಘು ಅಂದವ್ನೆ.”

ಮಾತಾಡುವಾಗ ಅವನ ಕೈ ಆಗಾಗ ಸೊಂಟಕ್ಕೆ ಹೋಗಿ ಏನನ್ನೋ ತಡಕಿ ವಾಪಸ್ ಬರುತ್ತಿತ್ತು. ನನಗೆ ಆ ಊರಿನ ಮೇಲೆ ಕೆಟ್ಟ ಸಿಟ್ಟು ಬಂತು. ಟೀ ತರಿಸಿ ಕೊಟ್ಟು ಕಳಿಸಿದೆ.

ಆವತ್ತು ಮಧ್ಯಾಹ್ನವೇ ಬಾಗಿಲಿನ ದೃಶ್ಯದ ತುಣುಕುಗಳನ್ನು ತೆಗೆದು ನೋಡಿದೆ. ಹದಿನಾಲ್ಕು ಟೇಕು. ಮೊದಲನೆಯದರಲ್ಲಿ ನಿರ್ದೇಶಕ “ಆ್ಯಕ್ಷನ್” ಎನ್ನುತ್ತಾನೆ. ಚಾಮಯ್ಯ ಅಗುಳಿಯ ಮೇಲೆ ಕೈ ಇಟ್ಟು ನಿಲ್ಲುತ್ತಾನೆ, ತೆಗೆಯುವುದಿಲ್ಲ. “ತೆಗಿಯಯ್ಯಾ!” “ಆಗಕಿಲ್ಲ ಸಾ. ಒಡೆಯರು ನನ್ನ ನಂಬ್ಕೊಂಡು ಮಲಗವ್ರೆ.” ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಏಳನೆಯದರಲ್ಲಿ ನಿರ್ದೇಶಕ ಕೈ ಮುಗಿದ. ಹತ್ತನೆಯದರಲ್ಲಿ ಚಪ್ಪಲಿ ಬಿಚ್ಚಿ ಎಸೆದ. ಹದಿಮೂರು ಸಲವೂ ಚಾಮಯ್ಯ ಬಾಗಿಲು ತೆಗೆಯಲಿಲ್ಲ.

ಹದಿನಾಲ್ಕನೆಯದರಲ್ಲಿ ನಿರ್ದೇಶಕನ ದನಿ ಮೆತ್ತಗಾಗಿದೆ. “ಚಾಮಯ್ಯ, ಊಟದ ಗಾಡಿ ಬಂದು ಹೊರಗೆ ನಿಂತಿದೆ. ಬಾಗಿಲು ತೆಗಿ.”

“ಎಲ್ಲಾರ್ಗೂ ಉಂಟಾ ಸಾ? ಆಚೆ ಬಿಸಿಲಲ್ಲಿ ನಿಂತವ್ರಲ್ಲ, ವೈರಿಗಳು, ಅವ್ರಿಗೂವೆ?”

“ಎಲ್ಲರಿಗೂ ಇದೆಯಪ್ಪ.”

ಆಗ ಅವನು ನಕ್ಕ. ಬಾಗಿಲು ತೆಗೆದ. ಮಾತನ್ನೆಲ್ಲ ಕತ್ತರಿಸಿ, ನಗುವನ್ನಷ್ಟೇ ಸಿನಿಮಾಕ್ಕೆ ಹಾಕಿಕೊಂಡಿದ್ದರು. ಕ್ಯಾಮೆರಾದವನಿಗೂ ಹಸಿವಾಗಿತ್ತೋ ಏನೋ, ಆಫ್ ಮಾಡದೆ ಊಟಕ್ಕೆ ಹೋಗಿಬಿಟ್ಟಿದ್ದ. ಆಮೇಲಿನ ಇಪ್ಪತ್ತಾರು ನಿಮಿಷ ಅದು ತಾನಾಗಿ ಓಡಿತ್ತು. ನಾನು ಅಷ್ಟನ್ನೂ ನೋಡಿದೆ.

ಶಿವಮಲ್ಲಪ್ಪನವರಿಗೆ ಫೋನ್ ಮಾಡಿ ಇದನ್ನು ಹಾಕೋಣ ಎಂದೆ.

“ಯಾರೂ ಬಾಗ್ಲು ತಗೀಬಾರ್ದು ಅಂತ ಸೈನ್ ಆಗದೆ ಕಣಮ್ಮ. ಊಟಕ್ಕೂ ತಗೀಬಾರ್ದು.”

“ತೆಗೆಯಲ್ಲ ಅಂತಾನಲ್ಲ, ಆ ಹದಿಮೂರನ್ನಾದ್ರೂ ಹಾಕ್ಲಾ?”

“ಅವ್ನು ತಗೀನಿಲ್ಲ ಅಂದ್ರೆ ಇನ್ಯಾರೋ ತಗದ್ರು ಅಂತಾಯ್ತದೆ. ಅವ್ನೇ ಬ್ಯಾಡ, ಕಿತ್ತಾಕು.”

ಕಿತ್ತುಹಾಕಿದೆ. ಪಾಳೇಗಾರ ಎಚ್ಚರವಾಗಿರುವ, ಬಳಸದೆ ಬಿಟ್ಟ ಶಾಟುಗಳಲ್ಲೆಲ್ಲ ಅವನ ಕೈಯಲ್ಲಿ ಮೊಬೈಲ್ ಇತ್ತು. ಕುತ್ತಿಗೆಯಿಂದ ಮೇಲೆ ಮಾತ್ರ ಉಳಿಸಿದೆ. ರಾಜ್ಯದ ಚಿಂತೆಯಲ್ಲಿರುವ ಹಾಗೆ ಕಂಡ. ಮುಚ್ಚಿದ ಬಾಗಿಲು, ಹೊಳೆ, ಒಂದು ಕೊಕ್ಕರೆ, ಮತ್ತೆ ಮುಚ್ಚಿದ ಬಾಗಿಲು ತೋರಿಸಿ, ಒಳಗೆ ವೈರಿಯ ಬಾವುಟ ಹಾರಿಸಿದೆ. ಕೋಟೆ ಯಾರ ತಪ್ಪೂ ಇಲ್ಲದೆ ಬಿತ್ತು. ಶಾಂತಿ ಸಮಿತಿಯವರು ನೋಡಿ ಚಪ್ಪಾಳೆ ತಟ್ಟಿದರು.

ಹೊಸ ಸಿನಿಮಾವನ್ನು ಸುತ್ತಲ ಹಳ್ಳಿಗಳಲ್ಲಿ ಪುಕ್ಕಟೆ ತೋರಿಸುವುದು ಒಪ್ಪಂದದ ಕೊನೆಯ ಷರತ್ತು. ಚಾಮಯ್ಯನ ಊರಿನ ಸರದಿ ಬಂದಾಗ ಪ್ರೊಜೆಕ್ಟರ್ ಹಿಡಿದುಕೊಂಡು ನಾನೇ ಹೋದೆ. ಹೋದರೆ ಸಮುದಾಯ ಭವನಕ್ಕೆ ಬೀಗ. ರಘು ಬೀಗದ ಕೈಯನ್ನು ಯಾವ ಪ್ಯಾಂಟಿನಲ್ಲಿಟ್ಟನೋ ಮರೆತಿದ್ದ, ಊರೆಲ್ಲ ಮುಕ್ಕಾಲು ಗಂಟೆ ಜಗಲಿಯಲ್ಲಿ ಕಾಯಿತು. ಚಾಮಯ್ಯ ಒಗೆದ ಅಂಗಿ ಹಾಕಿಕೊಂಡು ಹೆಂಡತಿ ಗುರುಸಿದ್ದಮ್ಮನ ಜೊತೆ ಒಂದು ಪಕ್ಕದಲ್ಲಿ ನಿಂತಿದ್ದ.

ಸಿನಿಮಾ ಮುಗಿದು ಲೈಟು ಹತ್ತಿತು. ಎಲ್ಲರೂ ರಘು ಕಡೆ ನೋಡಿದರು. ಅವನು ಎದ್ದು ನಿಂತ.

“ಇದ್ರಲ್ಲಿ ಚಾಮಣ್ಣ ಇಲ್ವೇ ಇಲ್ಲ. ತಗದ ಅನ್ನಕೂ ಆಗಕಿಲ್ಲ, ತಗೀನಿಲ್ಲ ಅನ್ನಕೂ ಆಗಕಿಲ್ಲ. ಬೀಗದ ಕೈ ಸದ್ಯಕ್ಕೆ ನನ್ನತ್ರನೇ ಇರ್ಲಿ.”

ಚಾಮಯ್ಯನ ಕೈ ಸೊಂಟಕ್ಕೆ ಹೋಗಿ ಅಲ್ಲೇ ನಿಂತಿತು. ನನಗೆ ತಡೆಯಲಾಗಲಿಲ್ಲ. “ಕೂತ್ಕೊಳ್ರೀ, ಸಿನಿಮಾ ಇನ್ನೂ ಇದೆ” ಎಂದು ಕೂಗಿ, ಲೈಟು ಆರಿಸಿ, ಲ್ಯಾಪ್‌ಟಾಪಿನಲ್ಲಿದ್ದ ಇನ್ನೊಂದು ಫೈಲನ್ನು ಹಾಕಿದೆ.

ಹದಿಮೂರು ಸಲ ಅವನು ಬಾಗಿಲು ತೆಗೆಯದ್ದನ್ನು ಊರು ನೋಡಿತು. ಚಪ್ಪಲಿ ಎಸೆದಾಗ ನಕ್ಕರು. ಹದಿನಾಲ್ಕನೆಯದು ಬಂತು. ವೈರಿಗಳಿಗೂ ಊಟ ಉಂಟೇ ಎಂದು ಅವನು ಕೇಳಿದ, ನಕ್ಕ, ಬಾಗಿಲು ತೆಗೆದ. ಊಟದ ಗಾಡಿ ಒಳಗೆ ಬಂತು, ಅದರ ಹಿಂದೆಯೇ ವೈರಿ ಸೈನ್ಯ ಬೆವರು ಒರೆಸಿಕೊಳ್ಳುತ್ತ ನುಗ್ಗಿತು. ಎಲ್ಲರಿಗಿಂತ ಮುಂದೆ, ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೈಯಲ್ಲಿ ತಟ್ಟೆ ಹಿಡಿದು ಬರುತ್ತಿದ್ದವನು ರಘು.

ಯಾರೂ ನಗಲಿಲ್ಲ. ಭವನದಲ್ಲಿ ಕೂತಿದ್ದ ಗಂಡಸರಲ್ಲಿ ಮುಕ್ಕಾಲು ಪಾಲು ಗೋಡೆಯ ಮೇಲಿನ ಚಿತ್ರದಲ್ಲಿ ವೈರಿಗಳ ವೇಷ ತೊಟ್ಟು ಅನ್ನಕ್ಕೆ ಸಾಲು ನಿಂತಿದ್ದರು. ಎರಡನೇ ಸಲ ಹಾಕಿಸಿಕೊಂಡವರೂ ಕಂಡರು. ಚಾಮಯ್ಯ ಮಾತ್ರ ಕೊನೆಯ ಸಿಪಾಯಿ ಒಳಗೆ ಬರುವವರೆಗೆ ಬಾಗಿಲು ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಬಾಗಿಲು ಮುಚ್ಚಿ, ಅಗುಳಿ ಹಾಕಿ, ಎರಡು ಸಲ ಎಳೆದು ನೋಡಿದ. ಅವನು ಊಟಕ್ಕೆ ಹೋಗುವ ಹೊತ್ತಿಗೆ ಊಟದವರು ಪಾತ್ರೆ ಬೋರಲು ಹಾಕುತ್ತಿದ್ದರು. ಒಂದು ಲೋಟ ನೀರು ಕುಡಿದು, ಬಾಯಿ ಒರೆಸಿಕೊಂಡು, ವಾಪಸ್ ಬಂದು ಬಾಗಿಲ ಹತ್ತಿರ ನಿಂತ.

ಕತ್ತಲಲ್ಲಿ ಗುರುಸಿದ್ದಮ್ಮನ ದನಿ ಕೇಳಿತು. “ಅವತ್ತು ಮನೆಗ್ ಬಂದು ಉಣ್ಣಕೆ ಇಟ್ಟು ಅದಾ ಅಂದ್ರು. ಸಿನಿಮಾದವ್ರ ಊಟ ಸಾಲ್ದಾ ನಿಮ್ಗೆ ಅಂತ ಬೈದ್ಬುಟ್ಟೆ ನಾನು.”

ನನಗೆ ಅಳು ಬಂತು. ಲೈಟು ಹಾಕುವ ನೆಪದಲ್ಲಿ ಎದ್ದು ಹೋದೆ.

ಜನ ಒಬ್ಬೊಬ್ಬರಾಗಿ, ಚಾಮಯ್ಯನ ಮುಖ ನೋಡದೆ ಹೊರಟರು. ರಘು ಎಲ್ಲರಿಗಿಂತ ಕೊನೆಗೆ ಎದ್ದ. ಜೇಬಿನಿಂದ ಬೀಗದ ಕೈ ತೆಗೆದು ಚಾಮಯ್ಯನ ಕೈಗೆ ಇಟ್ಟ.

“ಬೀಗ ಆಕ್ಬುಡು ಚಾಮಣ್ಣ” ಎಂದು ಹೇಳಿ ಹೊರಟುಹೋದ.

ನಾನು ವೈರುಗಳನ್ನು ಸುತ್ತಿ ಚೀಲಕ್ಕೆ ತುಂಬುವವರೆಗೆ ಚಾಮಯ್ಯ ಬಾಗಿಲು ಹಿಡಿದು ನಿಂತಿದ್ದ. ನಾನು ಹೊರಗೆ ಬಂದ ಮೇಲೆ ಮುಚ್ಚಿ, ಬೀಗ ಹಾಕಿ, ಎರಡು ಸಲ ಎಳೆದು ನೋಡಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ನನ್ನ ಕಡೆ ತಿರುಗಿದ.

“ಊಟ ಆಯ್ತಾ ಅವ್ವಾ ನಿಂದು?” ಎಂದು ಕೇಳಿದ.