ಮೂಳೆ ಮೂಸುವ ಮಾಂಗ್ ಓಯೋನ್

ಹಿರಿಯರು ಕುಳಿತಿರುವಾಗ ಅವರ ಮುಂದೆ ಹಾದುಹೋಗಬೇಕಾದರೆ ಜಾವಾ ದ್ವೀಪದ ನಮ್ಮ ಬೋಗೋರಿನಲ್ಲಿ ಯಾರೇ ಆಗಲಿ ಸೊಂಟ ಬಾಗಿಸಿ, ಬಲಗೈಯನ್ನು ಮೊಣಕಾಲಿನತ್ತ ಇಳಿಬಿಟ್ಟು, 'ಪುಂತೆನ್' ಎಂದು ಮೆಲ್ಲಗೆ ಅಪ್ಪಣೆ ಕೇಳಿಯೇ ದಾಟುತ್ತಾರೆ. ಆದರೆ ಸತ್ತು ಎಂಬತ್ತು ವರ್ಷ ಕಳೆದ ಇಲಿ, ಬಾವಲಿ, ಮುಳ್ಳುಹಂದಿಗಳ ಮುಂದೆಯೂ ಹಾಗೆ ಬಾಗಿ, ಹಾಗೆ ಕೈ ಇಳಿಸಿ, ಹಾಗೆಯೇ 'ಪುಂತೆನ್' ಎಂದು ಗೊಣಗುತ್ತ ನಡೆದವರನ್ನು ನಾನು ಕಂಡದ್ದು ಒಬ್ಬರನ್ನೇ. ನಮ್ಮ ಸಂಗ್ರಹಾಲಯದ ಸಸ್ತನಿ ವಿಭಾಗದಲ್ಲಿ ಚರ್ಮ ಹದಮಾಡುತ್ತ, ಮೂಳೆ ತೊಳೆಯುತ್ತ, ಚೀಟಿ ಕಟ್ಟುತ್ತ ಮೂವತ್ತೆಂಟು ವರ್ಷ ಸವೆಸಿದ ಓಯೋನ್ ಕರ್ಯಾನ ಅವರು. ನಮಗೆಲ್ಲ ಅವರು ಮಾಂಗ್ ಓಯೋನ್, ಅಂದರೆ ಓಯೋನ್ ಚಿಕ್ಕಪ್ಪ. ಕಪಾಟುಗಳ ನಡುವಿನ ಆ ಇಕ್ಕಟ್ಟಿನ ದಾರಿಯಲ್ಲಿ ದಿನಕ್ಕೆ ನೂರು ಸಲ ಬಾಗಿ ಬಾಗಿ, ಕೊನೆಕೊನೆಗೆ ಅವರ ಬೆನ್ನು ನೆಟ್ಟಗಾಗುವುದನ್ನೇ ಮರೆತಿತ್ತು.

ಅವರ ಖಾಕಿ ಕೋಟಿಗೆ ಆರು ಜೇಬುಗಳು. ಗುಂಡಿಗಳು ಐದು, ಒಂದರಂತೆ ಇನ್ನೊಂದಿಲ್ಲ. ಲವಂಗದ ಸಿಗರೇಟು ಮತ್ತು ನುಸಿಗುಳಿಗೆಗಳ ಬೆರಕೆ ವಾಸನೆ ಅವರಿಗಿಂತ ಎರಡು ಹೆಜ್ಜೆ ಮುಂದೆ ಬರುತ್ತಿತ್ತು. ಏನು ಕೇಳಿದರೂ ಉತ್ತರ ಆರಂಭವಾಗುತ್ತಿದ್ದದ್ದು 'ತಪ್ಪು ತಿಳ್ಕೋಬೇಡ' ಎಂಬ ಮಾತಿನಿಂದ. ಗಂಟೆ ಎಷ್ಟೆಂದು ಕೇಳಿದರೂ ಅಷ್ಟೇ. ಊರೆಲ್ಲ ನನ್ನನ್ನು 'ಡಾಕ್ಟರಮ್ಮ' ಎಂದು ಕರೆಯುವಾಗ ಅವರೊಬ್ಬರು ಮಾತ್ರ, ಮನೆಯ ಕಿರಿಮಗಳನ್ನು ಕೂಗುವ ಹಾಗೆ, 'ನೆಂಗ್' ಎನ್ನುತ್ತಿದ್ದರು. ಏಳು ವರ್ಷ ಹಿಮದ ದೇಶದಲ್ಲಿ ಓದಿ ಬಂದವಳಿಗೆ ಅದು ಎಲ್ಲರೆದುರು ಕಿವಿ ಹಿಂಡಿದಂತೆ ಕೇಳಿಸುತ್ತಿತ್ತು.

ನನ್ನ ವಿದ್ಯೆಯನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಬದುಕಿರುವ ಮೃಗದ ಒಂದು ಹನಿ ರಕ್ತದಲ್ಲಿರುವ ಡಿಎನ್‌ಎಯನ್ನೂ, ಸಾವಿರಾರು ವರ್ಷಗಳ ಹಿಂದೆ ಸತ್ತ ಮೃಗದ ಮೂಳೆಪುಡಿಯಲ್ಲಿ ಉಳಿದ ಡಿಎನ್‌ಎಯ ಚೂರುಗಳನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಯಾವ ಕುಲದಿಂದ ಯಾವುದು ಯಾವಾಗ ಪಾಲಾಗಿ ಹೋಯಿತು, ಯಾವ ಮನೆತನ ನಿರ್ವಂಶವಾಯಿತು ಎಂಬುದು ತಿಳಿಯುತ್ತದೆ. ಚಳಿಯ ನಾಡುಗಳಲ್ಲಿ ಆ ಚೂರುಗಳು ಹತ್ತಾರು ಸಾವಿರ ವರ್ಷ ಬಾಳುತ್ತವೆ. ನಮ್ಮ ಸೆಕೆಗೂ ತೇವಕ್ಕೂ ಅವು ಮಳೆಗೆ ಸಿಕ್ಕ ಹಪ್ಪಳ. ಆದ್ದರಿಂದ ಯಾವ ಮೂಳೆಯನ್ನು ಕೊರೆಯಬೇಕೆಂದು ಆರಿಸುವುದರಲ್ಲೇ ಅರ್ಧ ವಿದ್ಯೆ ಇದೆ. ಅದು ನನಗೆ ಬರುತ್ತಿರಲಿಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟ ಮಾಂಗ್ ಓಯೋನ್ ಅವರಿಗೆ ಬರುತ್ತಿತ್ತು.

ಅವರು ಮೂಸುತ್ತಿದ್ದರು. ಕಣ್ಣು ಮುಚ್ಚಿ, ಮೂಳೆಯನ್ನು ಮೂಗಿನ ಕೆಳಗೆ ಎರಡು ಸಲ ಆಡಿಸಿ, "ಇದು ಬೇಡ ನೆಂಗ್, ನೀರು ಕುಡಿದಿದೆ" ಎಂದರೆ ಮುಗಿಯಿತು. ಆ ಮೂಳೆಯಲ್ಲಿ ನನ್ನ ಯಂತ್ರಕ್ಕೆ ಒಂದಕ್ಷರವೂ ಸಿಗುತ್ತಿರಲಿಲ್ಲ. ಒಮ್ಮೆ ಹಾರುವ ಅಳಿಲಿನ ಹಳೆಯ ಚರ್ಮವನ್ನು ಮೂರು ಕಡೆ ಕತ್ತರಿಸಿ ಸೋತು ಕುಳಿತಿದ್ದಾಗ, ಅದೇ ಅಳಿಲಿನ ತಲೆಬುರುಡೆಯೊಳಗೆ ಒಣಗಿ ಅಂಟಿದ್ದ ಸಾಸಿವೆಯಷ್ಟು ಮಾಂಸವನ್ನು ಸೂಜಿಯ ತುದಿಯಲ್ಲಿ ತಂದುಕೊಟ್ಟರು. ಮೊದಲ ಸಲಕ್ಕೇ ಫಲ ಬಂತು. ನಾನು ಧನ್ಯವಾದ ಹೇಳಿದೆ. ಮನೆಗೆ ಹೋಗಿ ಊಟ ಮಾಡಲಿಲ್ಲ. ಪರದೇಶದ ಅತಿಥಿಗಳು ಬಂದವರೇ ಮೊದಲು ಕೇಳುತ್ತಿದ್ದದ್ದು "ಓಯೋನ್ ಎಲ್ಲಿ?" ಎಂದು. ನನಗೆ ಅವರು ಕ್ಯಾಲೆಂಡರು ತರುತ್ತಿದ್ದರು, ಮಾಂಗ್ ಓಯೋನ್ ಅವರಿಗೆ ಒಳ್ಳೆಯ ಉಕ್ಕಿನ ಚೂರಿ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆ ಗಿಡ ಮದ್ದೆಂದು ಲೋಕಕ್ಕೆಲ್ಲ ಗೊತ್ತಿದ್ದರೆ ಹಿತ್ತಲಿನವರಿಗೆ ಆಗುವ ಸಂಕಟವನ್ನು ಯಾವ ಗಾದೆಯೂ ಹೇಳುವುದಿಲ್ಲ.

ಈ ಸಂಕಟದ ನಡುವೆ ನನಗೊಂದು ದವಡೆ ಸಿಕ್ಕಿತು. ಐವತ್ತು ವರ್ಷಗಳ ಹಿಂದೆ ಸುಣ್ಣಗಲ್ಲಿನ ಗುಹೆಯೊಂದರಲ್ಲಿ ಅಗೆದು ತೆಗೆದದ್ದು. ಹಲ್ಲುಗಳೆಲ್ಲ ಉದುರಿದ್ದವು, ನಡುವೆ ಮುರಿದು ಜೋಡಿಸಿದ ಗುರುತಿತ್ತು, ಚೀಟಿಯ ಮೇಲೆ 'ಜಿಂಕೆ?' ಎಂದಿತ್ತು. ಈ ಸಲ ಯಾರ ಮೂಗಿನ ಹಂಗೂ ಬೇಡವೆಂದು ನಾನೇ ಆರಿಸಿ, ನಾನೇ ಕೊರೆದೆ. ಬಂದದ್ದು ಜಿಂಕೆಯಲ್ಲ, ಎಮ್ಮೆ! ಎಮ್ಮೆಯೆನ್ನಲು ದವಡೆ ತೀರ ಚಿಕ್ಕದು. ಹಾಗಾದರೆ ಜಾವಾದ ಕಾಡುಗಳಲ್ಲಿ ಒಂದಾನೊಂದು ಕಾಲಕ್ಕೆ ಕುಳ್ಳ ಕಾಡೆಮ್ಮೆಯೊಂದು ಓಡಾಡಿತ್ತು, ಅದನ್ನು ಕಂಡುಹಿಡಿದವಳು ನಾನು! ಆ ಡಿಎನ್‌ಎ ಹಳೆಯ ಮೂಳೆಯದೆನ್ನಲು ಅನುಮಾನ ಬರುವಷ್ಟು ಗಟ್ಟಿಯಾಗಿತ್ತು, ಇಂದಿನ ಗದ್ದೆಯ ಎಮ್ಮೆಯನ್ನೇ ಹೋಲುತ್ತಿತ್ತು. ಅದೃಷ್ಟವೆಂದುಕೊಂಡೆ. ಆಸೆ ಕಣ್ಣಿಗೆ ಕಟ್ಟಿದ ಬಟ್ಟೆ ತೆಳುವಾಗಿದ್ದರೂ ಸಾಕು, ಕತ್ತಲೆ ಪೂರ್ತಿಯಾಗಿಯೇ ಇರುತ್ತದೆ.

ಸಮ್ಮೇಳನಕ್ಕೆ ಸಾರಾಂಶ ಕಳಿಸಿದ ದಿನ ಮಧ್ಯಾಹ್ನ ಕಚೇರಿಯಲ್ಲಿ ಹಳದಿ ಅನ್ನದ ಗೋಪುರ ಕಟ್ಟಿಸಿದೆ. ಗೋಪುರದ ತುದಿಯನ್ನು ಕತ್ತರಿಸಿ ಅಲ್ಲಿರುವವರಲ್ಲಿ ಅತಿ ಮಾನ್ಯರಿಗೆ ಕೊಡುವುದು ಪದ್ಧತಿ. ನಿರ್ದೇಶಕರಿಗೆ ಕೊಟ್ಟೆ, ಕೊಡುವಾಗ ಓರೆಗಣ್ಣಿನಲ್ಲಿ ಮಾಂಗ್ ಓಯೋನ್ ಅವರನ್ನು ನೋಡಿದೆ. ಅವರು ಎಮ್ಮೆಚರ್ಮ ಕರಿದು ಮಾಡಿದ ಹಪ್ಪಳವೊಂದನ್ನು ಎತ್ತಿಕೊಂಡು, ತಿನ್ನದೆ, ಮೂಸುತ್ತ ನಿಂತಿದ್ದರು. ಆಮೇಲೆ ನಾನು ಕೈತೊಳೆಯಲು ಹಿಂದಿನ ಜಗುಲಿಯ ನಲ್ಲಿಗೆ ಹೋದಾಗ ಬೆನ್ನಿಗೇ ಬಂದರು.

"ತಪ್ಪು ತಿಳ್ಕೋಬೇಡ ನೆಂಗ್. ಆ ದವಡೆ ಜೋಡಿಸಿದ್ದು ನಮ್ಮಪ್ಪ. ನನಗಿಂತ ಮೊದ್ಲು ಈ ಕೆಲ್ಸದಲ್ಲಿ ಅವರೇ ಇದ್ದದ್ದು."

"ಅದಕ್ಕೇನೀಗ ಮಾಂಗ್?"

"ಆಗೆಲ್ಲ ಅಂಗಡಿ ಅಂಟು ಎಲ್ಲಿತ್ತು? ಎಮ್ಮೆಚರ್ಮದ ಚೂರು ತಂದು ನಮ್ಮನೆ ಅಡುಗೆ ಒಲೆ ಮೇಲೇ ಕುದಿಸೋರು. ಅಮ್ಮ ಬೈದೂ ಬೈದೂ ಸುಸ್ತಾಗೋಳು. ಮುರಿದ ಮೂಳೆನೆಲ್ಲ ಆ ಅಂಟಲ್ಲೇ ಅದ್ದಿ ಅದ್ದಿ ತೆಗೀತಿದ್ರು. ನೀನು ವಾಪಸ್ ಕೊಟ್ಟ ಮೇಲೆ ಮೂಸಿ ನೋಡ್ದೆ. ಕೊರೆದ ತೂತಲ್ಲಿ ಇದೇ ವಾಸ್ನೆ." ಅಂಗೈಯ ಹಪ್ಪಳವನ್ನು ನನ್ನ ಮುಂದೆ ಹಿಡಿದರು.

ನನ್ನ ಮುಖದ ಮೇಲೆ ಯಾರೋ ಬಿಸಿನೀರು ಎರಚಿದಂತಾಯಿತು. "ಗೊತ್ತಿದ್ರೆ ಅವತ್ತೇ ಯಾಕೆ ಬೊಗಳ್ಲಿಲ್ಲ?" ಎಂದುಬಿಟ್ಟೆ. ಹಿರಿಯರಿಗೆ ಆಡುವ ಮಾತಲ್ಲ ಅದು.

"ಮೂರು ಸಲ ಬಂದೆ ನೆಂಗ್. ನಿನ್ನ ಕೋಣೆ ಬಾಗಿಲ ಮೇಲೆ 'ಒಳಗೆ ಬರಬಾರದು' ಅಂತ ಬರೆದಿತ್ತು."

ಆ ಫಲಕವನ್ನು ತಗುಲಿಸಿದವಳು ನಾನೇ. ಹೊರಗಿನವರ ಕೂದಲು, ಉಗುಳು ತಾಗಿದರೆ ಮಾದರಿ ಕೆಡುತ್ತದೆಂಬುದು ನಿಜ. ಅದನ್ನು ತಗುಲಿಸುವಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದು ಖಾಕಿ ಕೋಟು ಎಂಬುದೂ ನಿಜ.

"ನಿಮಗೆ ಹೊಟ್ಟೆಕಿಚ್ಚು ಮಾಂಗ್. ನನ್ನ ತಟ್ಟೇಲಿ ನಾಲ್ಕು ಅಗಳು ಬಿದ್ರೆ ನಿಮಗೆ ತಡ್ಕೊಳೋಕಾಗಲ್ಲ."

ಅವರು ಅದನ್ನು ಉತ್ತರ ಹೇಳಬೇಕಾದ ಪ್ರಶ್ನೆಯೆಂದೇ ತೆಗೆದುಕೊಂಡರು. "ಇರಬೋದು ನೆಂಗ್. ಆದ್ರೂ ಒಂದ್ಸಲ ನೋಡಿಬಿಡು."

ನೋಡಿದೆ. ಅದೇ ಗುಹೆಯ, ಅದೇ ಅಂಟಿನಿಂದ ಜೋಡಿಸಿದ ಪುನುಗು ಬೆಕ್ಕಿನ ಕಾಲಿನ ಮೂಳೆಯೊಂದನ್ನು ಕೊರೆದು ಯಂತ್ರಕ್ಕೆ ಕೊಟ್ಟೆ. ಅದೂ ಎಮ್ಮೆ, ಅಕ್ಷರಶಃ ಅದೇ ಎಮ್ಮೆ. ಪುನುಗು ಬೆಕ್ಕು ಎಮ್ಮೆಯಾಗಲು ಸಾಧ್ಯವಿಲ್ಲ. ಯಂತ್ರ ಓದಿದ್ದು ಮೂಳೆಯನ್ನಲ್ಲ, ಅಂಟನ್ನು. ನನ್ನ ಕುಳ್ಳ ಕಾಡೆಮ್ಮೆ ಓಯೋನರ ಅಮ್ಮನ ಒಲೆಯ ಮೇಲೆ ಕುದ್ದದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೆ ನುಂಗಿದ್ದರೆ ಏಳು ದೇಶದವರ ಮುಂದೆ ಕಕ್ಕಬೇಕಾಗುತ್ತಿತ್ತು. ಸಾರಾಂಶವನ್ನು ಹಿಂದಕ್ಕೆ ತೆಗೆದುಕೊಂಡೆ. ಮಾನ ಉಳಿಸಿದವರ ಮುಖ ನೋಡಲು ಎರಡು ವಾರ ನನ್ನಿಂದಾಗಲಿಲ್ಲ.

ಮೂರನೆಯ ವಾರ ನನ್ನ ಬಾಗಿಲ ಹೊರಗೆ ನೆಲದ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು, ಮುಚ್ಚಳದ ಮೇಲೆ ಮಾಂಗ್ ಓಯೋನ್ ಅವರ ಕೈಬರಹ. ಒಳಗೆ ಹತ್ತಿಯ ಮೇಲೆ ಅದೇ ಗುಹೆಯ ಜಿಂಕೆಯೊಂದರ ಕಿವಿಯ ಮೂಳೆ. ದೇಹದ ಮೂಳೆಗಳಲ್ಲೆಲ್ಲ ಅತಿ ಗಟ್ಟಿಯಾದದ್ದು, ಕಲ್ಲಿನಂಥದ್ದು. ಮುರಿದಿರಲಿಲ್ಲವಾದ್ದರಿಂದ ಓಯೋನರ ಅಪ್ಪ ಅದಕ್ಕೆ ಅಂಟು ಸೋಕಿಸಿರಲಿಲ್ಲ. ಅದರಿಂದ ಬಂದ ಚೂರುಗಳು ಸಣ್ಣವು, ಅಂಚು ಸವೆದವು, ನಿಜವಾಗಿ ಹಳೆಯವು. ಇಂದಿಗೂ ನಮ್ಮ ಬೆಟ್ಟಗಳಲ್ಲಿ ನಾಯಿಯಂತೆ ಬೊಗಳುವ, ಕಾಡುಕುರಿ ಎಂಬ ಸಣ್ಣ ಜಿಂಕೆಗಳ ರಕ್ತದೊಡನೆ ಅವನ್ನು ಹೋಲಿಸಿದಾಗ, ಬಹಳ ಹಿಂದೆಯೇ ಬೇರೆಯಾಗಿ, ಒಂದು ಮರಿಯನ್ನೂ ಉಳಿಸದೆ ಅಳಿದುಹೋದ ದಾಯಾದಿ ಮನೆತನವೊಂದು ಕಾಣಿಸಿತು. ಕುಳ್ಳ ಎಮ್ಮೆಗಿಂತ ಅದು ದೊಡ್ಡ ಸುದ್ದಿ.

ಪ್ರಬಂಧದ ನೆತ್ತಿಯ ಮೇಲೆ ಏಳು ಹೆಸರು. ಎಂಟನೆಯದಾಗಿ 'ಓಯೋನ್ ಕರ್ಯಾನ' ಎಂದು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಅಳಿಸಿದೆ. ಓದಿದವರ ಸಾಲಿನಲ್ಲಿ ಓದದವರೇ ಎಂದು ನನಗೆ ನಾನೇ ಹೇಳಿಕೊಂಡೆ, ಸುಳ್ಳು. ಆ ಹೆಸರು ಅಲ್ಲಿದ್ದರೆ ಬಲ್ಲವರೆಲ್ಲ 'ಓ, ಇದು ಓಯೋನನ ಕೆಲಸ' ಎನ್ನುತ್ತಾರೆಂಬುದು ನಿಜ. ಕಡೆಯಲ್ಲಿ 'ಸಂಗ್ರಹಾಲಯದ ಸಿಬ್ಬಂದಿಗೆ ವಂದನೆಗಳು' ಎಂದು ಒಂದು ಸಾಲು ಸೇರಿಸಿದೆ.

ಅಚ್ಚಾದ ಪ್ರತಿಯನ್ನು ಹಿಡಿದು ಅವರ ಮನೆಗೆ ಹೋದಾಗ ಅವರು ನಿವೃತ್ತರಾಗಿ ನಾಲ್ಕು ತಿಂಗಳಾಗಿತ್ತು. ಅವರ ಹೆಂಡತಿ ಬಿ ಇಯೋಸ್, ಅಂದರೆ ಇಯೋಸ್ ಚಿಕ್ಕಮ್ಮ, ಬೆಲ್ಲ ಹಾಕಿದ ಶುಂಠಿಯ ಬಿಸಿ ಪಾನಕವನ್ನೂ ಬೇಯಿಸಿದ ಕಡಲೆಕಾಯಿಯನ್ನೂ ತಂದಿಟ್ಟು, ಕನ್ನಡಕ ಏರಿಸಿ, ಮೊದಲ ಪುಟದ ಮೇಲೆ ಬೆರಳಾಡಿಸಿದರು. ಮಾಂಗ್ ಓಯೋನ್ ನೇರವಾಗಿ ಕೊನೆಯ ಪಟ್ಟಿಗೆ ಹೋಗಿ, ಮೂಳೆಯ ಸಂಖ್ಯೆಯನ್ನು ಒಂದೊಂದೇ ಅಂಕೆಯಾಗಿ ಬಾಯಲ್ಲಿ ಹೇಳಿಕೊಂಡರು.

"ಅಪ್ಪ ಹಾಕಿದ್ದ ನಂಬರ್ರೇ. ಸರಿಯಾಗಿದೆ ನೆಂಗ್."

"ಇಲ್ಲಿ ಎಲ್ರ ಹೆಸರೂ ಇದೆ, ನಿಮ್ದೆಲ್ಲಿ?" ಎಂದರು ಬಿ ಇಯೋಸ್.

"ಡಬ್ಬಿ ಮೇಲಿದೆಯಲ್ಲೇ ನನ್ನ ಕೈಬರಹ."

"ಡಬ್ಬಿ ಯಾರೋದ್ತಾರೆ?"

"ಮೂಳೆ ಬೇಕಾದೋರು ಓದ್ತಾರೆ. ಕಡಲೆಕಾಯಿ ತಗೋ ನೆಂಗ್."

ಬಿ ಇಯೋಸ್ ನನ್ನ ಕಡೆ ಒಮ್ಮೆ ನೋಡಿ, ಕನ್ನಡಕ ತೆಗೆದು ಸೆರಗಿನಂತೆ ಹೊದ್ದಿದ್ದ ಬಟ್ಟೆಯಲ್ಲಿ ಒರೆಸಿಕೊಂಡರು. ಹೊರಡಲು ಎದ್ದೆ. ಬಾಗಿಲಿಗೆ ಹೋಗಲು ಕುಳಿತಿದ್ದ ಮಾಂಗ್ ಓಯೋನ್ ಅವರ ಮುಂದೆಯೇ ಹಾದುಹೋಗಬೇಕು. ಹತ್ತೊಂಬತ್ತು ವರ್ಷ ಅವರ ಮುಂದೆ ನೆಟ್ಟಗೆ ನಡೆದವಳು ಅಂದು ಸೊಂಟ ಬಾಗಿಸಿ, ಬಲಗೈ ಇಳಿಬಿಟ್ಟು, "ಪುಂತೆನ್, ಮಾಂಗ್" ಎಂದೆ.

"ಯಾಕೆ ನೆಂಗ್," ಎಂದರು ಅವರು ಗಾಬರಿಯಿಂದ, "ಸೊಂಟ ಹಿಡ್ಕೊಂತಾ?"

ಆಮೇಲೆ ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಅವರ ಹೆಸರು ಈಗ ನನ್ನ ಹೆಸರಿನ ಪಕ್ಕದಲ್ಲೇ ಬಂದಿದೆ. ಮೂಳೆಗಳನ್ನು ಕೂಡಿಟ್ಟಿರುವ ಎಲ್ಲ ಮನೆಗಳಲ್ಲೂ ಇಂಥವರು ಒಬ್ಬೊಬ್ಬರು ಇರುತ್ತಾರೆ. ಅಳಿದ ಕುಲದ ಕೊಂಬೆ ಎಲ್ಲಿ ಕವಲೊಡೆಯಿತೆಂದು ಹೇಳಿ ನಾವು ಹೆಸರು ಪಡೆಯುತ್ತೇವೆ. ಹಾಗೆ ಕೇಳುವವರು ಬರುವ ತನಕ, ಬರುತ್ತಾರೋ ಇಲ್ಲವೋ ತಿಳಿಯದೆಯೇ, ಅವರು ಆ ಕುಲದ ಮೂಳೆಯನ್ನು ಹತ್ತಿಯ ಮೇಲೆ ಒಣಗಿಸಿಟ್ಟಿರುತ್ತಾರೆ. ಹೆಸರು ಕೊಟ್ಟರೂ ಕೊಡದಿದ್ದರೂ ಅವರಿಗೆ ನಿದ್ದೆ ಬರುತ್ತದೆ. ಕೊಟ್ಟ ಮೇಲೂ ನನಗೆ ಬರುತ್ತಿಲ್ಲ.