ಅನುಸೂಯಮ್ಮನ ಎಂಟು ಸೊನ್ನೆ

೧೯೮೬ರ ಜೂನ್ ಮೊದಲ ವಾರ, ಪೀಣ್ಯದ ಮೋಟಾರ್ ಕಾರ್ಖಾನೆಯೊಂದರಲ್ಲಿ ಅನುಸೂಯಮ್ಮನಿಗೆ ಮೆಮೊ ಬಂತು. ಬಾಗಲಗುಂಟೆಯಿಂದ ನಡೆದೇ ಬರುತ್ತಿದ್ದ ಅವಳು ಕಾಯಿಲ್ ಸುತ್ತುವ ವಿಭಾಗಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ತಾಮ್ರದ ತಂತಿ ಹಿಡಿದು ಹಿಡಿದು ಬಲಗೈ ತೋರುಬೆರಳಿನಲ್ಲಿ ಗೆರೆ ಬಿದ್ದಿತ್ತು. ದಿನಕ್ಕೆ ಅರವತ್ತು ಕಾಯಿಲ್ ಆಗಬೇಕೆಂಬುದು ಕಾರ್ಖಾನೆಯ ನಿಯಮ. ಅವಳು ಅದನ್ನು ಮುಟ್ಟದ ದಿನ ಅಪರೂಪ.

ಮೆಮೊದಲ್ಲಿ ಮಾತ್ರ ಬೇರೆ ಇತ್ತು: ಮೇ ತಿಂಗಳ ಸರಾಸರಿ ದಿನಕ್ಕೆ ನಲವತ್ತೈದು. ಸೋಮವಾರದಿಂದ ಕೂಲಿ ಕಡಿಮೆಯಿರುವ ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕು.

"ಸೈನ್ ಹಾಕಮ್ಮ," ಎಂದ ಸೂಪರ್‌ವೈಸರ್ ರಾಮಾಂಜಿನಪ್ಪ, ಅವಳ ಮುಖ ನೋಡದೆ.

"ಯಾರು ಎಣಿಸಿದ್ದು ಸಾರ್ ಇದನ್ನ?"

"ಕಂಪ್ಯೂಟರು. ಅದು ತಪ್ಪು ಮಾಡಲ್ಲ."

"ಅದೇನು ನನ್ನ ಪಕ್ಕದಾಗೆ ಕುಂತಿತ್ತಾ? ನಾನು ಸೈನ್ ಹಾಕಾಕಿಲ್ಲ."

ಮಿಷಿನ್‌ಗಳ ಸದ್ದಿನ ನಡುವೆಯೂ ಆ ಮಾತು ಅಕ್ಕಪಕ್ಕದವರಿಗೆ ಕೇಳಿಸಿತು. ಆ ವಿಭಾಗದಲ್ಲಿ ಅಂದು ಹದಿನಾಲ್ಕು ಹೆಂಗಸರಿಗೆ ಮೆಮೊ ಬಂದಿತ್ತು. ಹದಿಮೂರು ಜನ ಆಗಲೇ ಸೈನ್ ಹಾಕಿದ್ದರು.

ಕಂಪ್ಯೂಟರ್ ಕೋಣೆ ಆಫೀಸಿನ ಮಹಡಿಯಲ್ಲಿತ್ತು. ಮೂರು ತಿಂಗಳ ಹಿಂದೆ ಬಂದ ಆ ಯಂತ್ರವನ್ನು ಕೆಲಸಗಾರರು ಯಾರೂ ಕಂಡಿರಲಿಲ್ಲ. ಅನುಸೂಯಮ್ಮ ಊಟದ ಬಿಡುವಿನಲ್ಲಿ ಮೆಟ್ಟಿಲು ಹತ್ತಿದಳು, ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ಯಾರನ್ನೂ ಕೇಳದೆ ಒಳಗೆ ಹೋದಳು. ತಣ್ಣನೆಯ ಗಾಳಿ ಮೈಗೆ ಹೊಡೆಯಿತು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಶ್ಯಾಮಣ್ಣ ಗಾಬರಿಯಿಂದ ಎದ್ದ.

"ಇಲ್ಲಿಗೆಲ್ಲ ಬರಬಾರ್ದು ಕಣಮ್ಮ."

"ನನ್ನ ಎಸರಿನ ಕಾಗದ ತೋರ್ಸಿ. ನೋಡ್ಕೊಂಡು ಓಯ್ತೀನಿ."

ಶ್ಯಾಮಣ್ಣ ಕೆಟ್ಟವನಲ್ಲ. ಹಸಿರು ಪಟ್ಟೆಯ ಅಗಲವಾದ ಕಾಗದ ಬಿಚ್ಚಿ ಅವಳ ಸಾಲಿನ ಮೇಲೆ ಪೆನ್ಸಿಲ್ ಇಟ್ಟ. ಇಪ್ಪತ್ತಾರು ಕೆಲಸದ ದಿನ. ಅರವತ್ತನಾಲ್ಕು, ಅರವತ್ತಾರು, ಅರವತ್ತೈದು... ಆಮೇಲೆ ಸೊನ್ನೆ. ಎಂಟು ದಿನ ಬರೀ ಸೊನ್ನೆ.

"ಆ ಎಂಟು ದಿನ ನನ್ನ ಮಿಷಿನ್ನೇ ಇರ್ಲಿಲ್ಲ ಸಾರ್. ಸುಟ್ಟೋಗಿ ರಿಪೇರಿಗೆ ಓಗಿತ್ತು. ನಾನು ಬಂದು ಪ್ಯಾಕಿಂಗ್ ಮಾಡ್ದೆ. ಸೂಪರ್‌ವೈಸರ್ ಬರೆಯೋ ದಿನದ ಚೀಟಿನಾಗೆ ಏನೈತೆ ನೋಡಿ."

ಶ್ಯಾಮಣ್ಣ ದಿನದ ಚೀಟಿಗಳ ಕಟ್ಟು ತೆಗೆದ. ಆ ಎಂಟು ದಿನ ರಾಮಾಂಜಿನಪ್ಪ ಅಂಕಿ ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದ, ಪಕ್ಕದಲ್ಲಿ ಅವನದೇ ಕೈಬರಹ: "ಮಿಷಿನ್ ರಿಪೇರಿ." ಶ್ಯಾಮಣ್ಣ ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿದ.

"ಖಾಲಿ ಬಿಟ್ರೆ ಅದು ಸೊನ್ನೆ ಅಂತಾನೇ ತಗೊಳ್ಳುತ್ತೆ," ಎಂದ ಕೊನೆಗೆ. "ಹದಿನೆಂಟು ದಿನದ ಕಾಯಿಲ್‌ನ ಇಪ್ಪತ್ತಾರರಿಂದ ಭಾಗಿಸಿಬಿಟ್ಟಿದೆ. ಪ್ರೋಗ್ರಾಂನ ನಾನೇ ಹಾಗೆ ಬರೆದಿದ್ದೆ. ನಿಮ್ಮ ಸರಾಸರಿ ಅರವತ್ತೈದು."

ಇಬ್ಬರೂ ಮ್ಯಾನೇಜರ್ ಹತ್ತಿರ ಹೋದರು. ಮ್ಯಾನೇಜರ್ ಕಾಗದ ನೋಡಿ, ಹೆಡ್ ಆಫೀಸಿಗೆ ರಿಪೋರ್ಟ್ ಆಗಲೇ ಹೋಗಿದೆ ಎಂದು ಗೊಣಗಿ, ಪೆನ್ ಕೈಗೆತ್ತಿಕೊಂಡರು.

"ಆಯ್ತು, ನಿನ್ನದೊಂದು ತಿದ್ದುತೀನಿ. ಹೋಗಮ್ಮ, ಕೆಲಸ ನೋಡ್ಕೋ."

"ನಂದೊಂದು ಬ್ಯಾಡ ಸಾರ್. ಆ ತಿಂಗ್ಳು ಎಲ್ಲಾರ ಮಿಷಿನ್ನೂ ಒಂದಲ್ಲ ಒಂದ್ಸಲ ರಿಪೇರಿಗೆ ನಿಂತಿದ್ವು. ಹದಿನಾಲ್ಕೂ ತಿದ್ದಿ."

"ಅವರೆಲ್ಲ ಒಪ್ಪಿ ಸೈನ್ ಹಾಕಿದಾರಲ್ಲ?"

"ಎದರಿ ಹಾಕವ್ರೆ. ಒಸ ಕಾಗದ ಬರಗಂಟ ನಾನು ಮಿಷಿನ್ ಮುಟ್ಟಾಕಿಲ್ಲ."

"ಸಸ್ಪೆಂಡ್ ಮಾಡಬೇಕಾಗುತ್ತೆ."

"ಮಾಡಿ. ಕಾರಣ ಏನಂತ ಬರೀತೀರೋ ಅದನ್ನೂ ಸರಿಯಾಗಿ ಬರೀರಿ."

ಅವಳು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತಳು. ಶ್ಯಾಮಣ್ಣ ಮೆಲ್ಲಗೆ, "ತಪ್ಪು ನಂದು ಸಾರ್. ನಾಳೆ ಸಂಜೆಯೊಳಗೆ ಎಲ್ಲ ಮತ್ತೆ ತೆಗೀತೀನಿ," ಎಂದ. ಮ್ಯಾನೇಜರ್ ಪೆನ್ ಕೆಳಗಿಟ್ಟು ಕಾಗದವನ್ನು ಅವನತ್ತ ತಳ್ಳಿದರು.

ರಾತ್ರಿ ಮನೆಗೆ ಹೋದದ್ದು ಬಿಟ್ಟರೆ ಮರುದಿನ ಸಂಜೆಯವರೆಗೂ ಅವಳು ಆ ಬೆಂಚು ಬಿಡಲಿಲ್ಲ. ಹೊಸ ಕಾಗದ ಬಂತು. ಹನ್ನೆರಡು ಮೆಮೊ ರದ್ದಾದವು. ಎರಡು ಉಳಿದವು. ಅದರಲ್ಲೊಂದು ಅವಳ ಪಕ್ಕದ ಮಿಷಿನ್ನಿನ ಮಾರಕ್ಕನದು. ಖಾಲಿ ದಿನಗಳನ್ನು ಬಿಟ್ಟು ಎಣಿಸಿದರೂ ಐವತ್ತೇಳೇ ಬಂದಿತ್ತು.

"ಎಲ್ಲಾರ್ದೂ ತಪ್ಪಾಗಿದ್ದಾಗ ನಂದೂ ಅದ್ರಾಗೆ ಮುಚ್ಕೊಂಡಿತ್ತು," ಎಂದಳು ಮಾರಕ್ಕ ಸಿಟ್ಟಿನಿಂದ. "ಈಗ ನಾವಿಬ್ರೇ ಕಾಣ್ತೀವಿ. ಸಾಕಾಯ್ತಾ ನಿಂಗೆ?"

ಅನುಸೂಯಮ್ಮನಿಗೆ ಆ ಮಾತು ಚುಚ್ಚಿತು. ಆದರೂ ತಲೆ ತಗ್ಗಿಸಲಿಲ್ಲ.

"ಅದು ನಿನ್ನ ಕೈಯ ಲೆಕ್ಕ ಕಣಕ್ಕ, ಬೇರೇರು ಕಟ್ಟಿದ್ದಲ್ಲ. ನಿನ್ನ ಮಿಷಿನ್ನಿನ ಬೆಲ್ಟು ಜಾರ್ತೈತೆ ಅಂತ ರಾಮಾಂಜಿನಪ್ಪಂಗೆ ಎಷ್ಟು ಸಲ ಏಳಿಲ್ಲ ನೀನು? ಅದನ್ನೂ ಕೇಳಾನ. ಎದ್ದೇಳು."

ಮಾರಕ್ಕ ಕದಲಲಿಲ್ಲ. ಅನುಸೂಯಮ್ಮ ಅವಳ ಮೆಮೊವನ್ನು ಕೈಯಿಂದ ಕಿತ್ತುಕೊಂಡು, ರಾಮಾಂಜಿನಪ್ಪನ ಮೇಜಿನ ಕಡೆಗೆ ಒಬ್ಬಳೇ ಹೊರಟಳು. ಅರ್ಧ ದಾರಿಯಲ್ಲಿ ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ಮಾರಕ್ಕ ಬೈಯುತ್ತಲೇ ಬರುತ್ತಿದ್ದಳು.