ಹದಿನಾಲ್ಕು ಹಾಳೆಯ ಬ್ಯಾಂಕಾಕು

ಭೂಮಿ ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇರುವಾಗ ಮೊಮ್ಮಗಳು ಭವ್ಯಾ ತೀರ್ಥಹಳ್ಳಿಯಿಂದ ಬಂದಳು. ಹೊಸನಗರದಲ್ಲಿ ಬಸ್ಸು ಬದಲಾಯಿಸಿ, ಸಾಗರದಲ್ಲಿ ಇನ್ನೊಂದು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಮನೆ ಮುಟ್ಟಿದಳು. ಮುಖಕ್ಕೆ ಮಾಸ್ಕು. ಕರೋನಾ ಹೋಗಿ ವರ್ಷಗಳಾದರೂ ಅವಳ ಮಾಸ್ಕು ಹೋಗಿಲ್ಲ. ಸೊಸೈಟಿಯ ಕೌಂಟರಿನಲ್ಲಿ ದಿನವಿಡೀ ಜನರ ಎದುರು ಕೂರುವ ಕೆಲಸ ಅವಳದು. ಅಲ್ಲಿ ಊಟವನ್ನೂ ಗೋಡೆಯ ಕಡೆ ತಿರುಗಿ ಮಾಡುತ್ತಾಳಂತೆ. ನಮ್ಮ ಬಾಗಿಲು ದಾಟಿದ ಮೇಲೆಯೇ ಮಾಸ್ಕು ತೆಗೆಯುವುದು.

ಭವ್ಯಾ ಹುಟ್ಟುವಾಗಲೇ ತುಟಿ ಸೀಳಿತ್ತು. ಐದು ತಿಂಗಳಿಗೆ ಒಂದು ಉಚಿತ ಶಿಬಿರದಲ್ಲಿ ಹೊಲಿಸಿದೆವು. ಹಾಲು ಕುಡಿಯಲು, ಮಾತಾಡಲು ತೊಂದರೆಯಾಗಲಿಲ್ಲ. ಆದರೆ ಮೇಲ್ದುಟಿಯಲ್ಲಿ ಒಂದು ಗಂಟು ಉಳಿಯಿತು, ಮೂಗಿನ ಒಂದು ಹೊಳ್ಳೆ ಚಪ್ಪಟೆಯಾಗಿಯೇ ಬೆಳೆಯಿತು. ಬಸುರಿಯಾಗಿದ್ದಾಗ ಸುಮನಾ ಗ್ರಹಣದ ಹೊತ್ತಿನಲ್ಲಿ ಈಳಿಗೆಮಣೆ ಮೇಲೆ ಕೂತು ಹಲಸಿನಕಾಯಿ ಹೆಚ್ಚಿದಳು, ಅದಕ್ಕೇ ಹೀಗಾಯಿತು ಎಂದು ಊರು ಹೇಳಿತು. ಸುಮನಾ ನನ್ನ ಸೊಸೆ. ಆ ಮಾತನ್ನು ಅವಳು ಇಪ್ಪತ್ತೈದು ವರ್ಷದಿಂದ ಹೊತ್ತುಕೊಂಡಿದ್ದಾಳೆ. ಶಿಬಿರದಲ್ಲಿ ಕೊಟ್ಟ ಕನ್ನಡದ ಕರಪತ್ರದಲ್ಲಿ ಗ್ರಹಣಕ್ಕೂ ತುಟಿಗೂ ಸಂಬಂಧವಿಲ್ಲ ಎಂದು ಅಚ್ಚಾಗಿತ್ತು. ನಾನೇ ಅದನ್ನು ಮನೆಮನೆಗೆ ಹೋಗಿ ಓದಿ ಹೇಳಿದ್ದೆ. ಊರು ಸುಮ್ಮನಾಯಿತು, ಸುಮನಾ ಆಗಲಿಲ್ಲ.

ನಾನು ಜಗಲಿಯಲ್ಲಿ ಭೂಮಣ್ಣಿ ಬುಟ್ಟಿ ಇಟ್ಟುಕೊಂಡು ಕೂತಿದ್ದೆ. ಹುಣ್ಣಿಮೆಯ ಬೆಳಿಗ್ಗೆ, ತೆನೆ ಹೊತ್ತು ಬಸುರಿಯಾದ ಗದ್ದೆಗೆ ಬಯಕೆಯ ಊಟ ಒಯ್ಯುವ ಬುಟ್ಟಿ ಅದು. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತೇವೆ. ಪುಂಡಿನಾರಿನ ಕುಂಚ ಹಿಡಿದರೆ ಭವ್ಯಾಳ ಗೆರೆ ನನ್ನದಕ್ಕಿಂತ ನೇರ. ಇದನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ.

ಅವಳು ಕೈಕಾಲು ತೊಳೆದು ಬಂದು ಕುಂಚ ತೆಗೆದುಕೊಂಡಳು.

"ಅಜ್ಜಿ, ಒಂದು ಸೈನ್ ಬೇಕಿತ್ತು."

"ಎಂತಕ್ಕೆ?"

"ಆಸ್ಪತ್ರೆ ಕಾಗದಕ್ಕೆ. ಮನೆಯೋರು ಒಬ್ರು ಹಾಕ್ಬೇಕಂತೆ. ಅಪ್ಪಯ್ಯ ಫೋನಲ್ಲೇ ಆಗಲ್ಲ ಅಂದ್ರು. ಅಮ್ಮಂಗೆ ಹೇಳಿದ್ರೆ ಅಳ್ತದೆ. ಇನ್ನು ಉಳಿದಿದ್ದು ನೀನೇ."

"ಅಂದ್ರೆ ಎಲ್ಲರದ್ದೂ ಆದ್ಮೇಲೆ ನಾನು."

"ಹಂಗಲ್ಲ ಅಜ್ಜಿ. ನಿಂಗೆ ಧೈರ್ಯ ಜಾಸ್ತಿ."

"ಬೆಣ್ಣೆ ಹಚ್ಬ್ಯಾಡ. ಯಾವ ಊರಿನ ಆಸ್ಪತ್ರೆ?"

"ಬ್ಯಾಂಕಾಕು."

ಅದು ಎಲ್ಲಿದೆಯೆಂದು ನಾನು ಕೇಳಲಿಲ್ಲ. ವಿಮಾನದಲ್ಲಿ ಹೋಗುವ ಊರು ಎಂಬಷ್ಟು ಗೊತ್ತಿತ್ತು. ಅವಳೇ ಹೇಳುತ್ತಾ ಹೋದಳು. ಜೊತೆಗೆ ಕೆಲಸ ಮಾಡುವ ಮೇಳಿಗೆಯ ಚೈತ್ರಾ ಫೋನಿನಲ್ಲಿ ಜಾಹೀರಾತು ತೋರಿಸಿದ್ದಳು. ಬೆಂಗಳೂರಿನ ಒಂದು ಏಜೆನ್ಸಿಯ ಪ್ಯಾಕೇಜು. ವಿಮಾನ, ಹೋಟೆಲು, ಆಪರೇಶನ್ ಎಲ್ಲ ಸೇರಿ ಏಳು ದಿನ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಿಂತ ಅಗ್ಗ. ದುಡ್ಡು ಅವಳೇ ಕೂಡಿಟ್ಟಿದ್ದು. ದೀಪಾವಳಿ ಕಳೆದ ಮೇಲೆ ಹೊರಡುವುದು, ಸೋಮವಾರದೊಳಗೆ ಕಾಗದ ಕಳಿಸಬೇಕು.

"ಹತ್ತು ದಿನ ರಜಾ ಹಾಕ್ತೀನಿ. ವಾಪಸ್ ಬರ್ವಾಗ ಬೇರೆ ಮುಖ. ಎಲ್ಲಿ ಹೋಗಿದ್ದೆ ಅಂತ ಯಾರಿಗೂ ಗೊತ್ತಾಗಲ್ಲ. ಇಲ್ಲೇ ಹತ್ರದಲ್ಲಿ ಮಾಡಿಸ್ಕಂಡ್ರೆ ನೋಡಾಕೆ ಬರೋರೇ ನೂರು ಜನ."

ಆಗ ನನಗೆ ತಿಳಿಯಿತು. ಇವಳಿಗೆ ಬೇಕಾದದ್ದು ಅಗ್ಗದ ಊರಲ್ಲ, ಗುರುತಿನವರು ಇಲ್ಲದ ಊರು.

"ಕಾಗದ ತಾ" ಎಂದೆ.

ಓದದ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಅಣೆಕಟ್ಟು ಕಟ್ಟಿ ಶರಾವತಿಯ ನೀರು ಏರಿ ಊರು ಬಿಟ್ಟಾಗ ನಮ್ಮತ್ತೆ ಎಷ್ಟು ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದರೋ, ಅವುಗಳಲ್ಲಿ ಏನಿತ್ತೆಂದು ಸಾಯುವವರೆಗೂ ಅವರಿಗೆ ತಿಳಿಯಲಿಲ್ಲ. ನಲವತ್ತೈದು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಾಗ ನಾನು ಮಾಡಿಕೊಂಡ ನೇಮ ಇದೊಂದೇ. ಸಹಕಾರ ಸಂಘದ ರಸೀದಿಯಾದರೂ ಸರಿ, ಬೆರಳಿಟ್ಟು ಸಾಲು ಸಾಲು ಓದಿ ಆಮೇಲೆ ಸಹಿ.

ಭವ್ಯಾ ನಕ್ಕಳು. "ಇದು ಇಂಗ್ಲಿಷ್ ಅಜ್ಜಿ. ಹದಿನಾಲ್ಕು ಹಾಳೆ."

"ನೀನು ಓದಿ ಹೇಳು. ನಂಗೇನು ಗಡಿಬಿಡಿ ಇಲ್ಲ."

"ನಾನೂ ಪೂರ್ತಿ ಓದಿಲ್ಲ. ಫೋನಲ್ಲಿ ಕೆಳಗೆ ಒಪ್ಪಿಗೆ ಅಂತ ಇರ್ತದಲ್ಲ, ಅದನ್ನ ಒತ್ತಿದ್ದು ಅಷ್ಟೇ."

"ಡಿಗ್ರಿ ಮಾಡಿದೋಳು ನೀನು. ನಿಂಗಿಂತ ನಮ್ಮತ್ತೆ ವಾಸಿ. ಒತ್ತಾಕೆ ಮೊದ್ಲು ಹೆಬ್ಬೆಟ್ಟಿಗೆ ಮಸಿನಾದ್ರೂ ಹಚ್ಕಂತಿದ್ರು."

ಅವಳು ಬುಟ್ಟಿಯ ಮೇಲೆ ನಾಲ್ಕು ಗೆರೆ ಎಳೆದು, ಕುಂಚ ಬದಿಗಿಟ್ಟು, ಕಾಗದ ಹಿಡಿದಳು. ಮೊದಲ ಎರಡು ಹಾಳೆಯಲ್ಲಿ ಹೋಟೆಲಿನ ತಿಂಡಿ, ವಿಮಾನ ನಿಲ್ದಾಣದಿಂದ ಕಾರು, ಒಂದು ದಿನ ಊರು ತೋರಿಸುವುದು ಎಲ್ಲ ಇತ್ತು. ಮೂರನೆಯ ಹಾಳೆಯಿಂದ ಅವಳ ದನಿ ನಿಧಾನವಾಯಿತು. ಇಂಗ್ಲಿಷು ಅವಳ ಕಣ್ಣಿನಲ್ಲಿ ಓಡುತ್ತದೆ, ಕನ್ನಡಕ್ಕೆ ತಂದು ಅಜ್ಜಿಗೆ ಹೇಳಬೇಕೆಂದರೆ ನಿಲ್ಲಲೇಬೇಕು.

ನನಗೆ ಆ ಅಕ್ಷರ ಬಾರದು, ಆದರೆ ಸಾಲು ಎಣಿಸಲು ಬರುತ್ತದೆ. ಆರನೆಯ ಹಾಳೆಯಲ್ಲಿ ನನ್ನ ಬೆರಳು ನಿಂತಲ್ಲೇ ಇತ್ತು, ಅವಳು ಮುಂದೆ ಹೋಗಿದ್ದಳು.

"ಒಂದು ಸಾಲು ಹಾರಿಸ್ದೆ."

"ಅದು ಸಣ್ಣ ಅಕ್ಷರದಲ್ಲಿ ಇದೆ ಅಜ್ಜಿ."

"ಹಂಗಾರೆ ಮೊದ್ಲು ಅದನ್ನೇ ಓದು."

ಓದಿದಳು. ಗಾಯ ಕೀವಾದರೆ, ಹೊಲಿಗೆ ಬಿಟ್ಟರೆ, ಆಕಾರ ಮನಸ್ಸಿಗೆ ಬಾರದಿದ್ದರೆ, ಎರಡನೆಯ ಆಪರೇಶನ್ ಬೇಕಾದರೆ, ಅದರ ಖರ್ಚು, ಅಲ್ಲಿ ಹೆಚ್ಚು ದಿನ ಉಳಿಯುವ ಖರ್ಚು, ಹೊಸ ಟಿಕೆಟ್ಟು, ಯಾವುದೂ ಪ್ಯಾಕೇಜಿನಲ್ಲಿ ಸೇರಿಲ್ಲ. ತಕರಾರು ಇದ್ದರೆ ಆ ದೇಶದ ಕೋರ್ಟಿಗೇ ಹೋಗಬೇಕು. ಅದರ ಕೆಳಗಿನ ಸಾಲಿನಲ್ಲಿ, ಆಪರೇಶನ್ ಆದ ಸ್ವಲ್ಪ ದಿನಕ್ಕೇ ವಿಮಾನ ಹತ್ತಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಅದು ತನಗೆ ತಿಳಿದಿದೆ ಎಂದು ರೋಗಿ ಒಪ್ಪಿಕೊಳ್ಳಬೇಕಂತೆ.

"ನಿಂಗೆ ತಿಳಿದಿತ್ತಾ?"

"ಇಲ್ಲ."

"ತಿಳಿದಿದೆ ಅಂತ ಒತ್ತಿದೀಯಲ್ಲ."

ಅವಳ ಕಣ್ಣು ಬುಟ್ಟಿಯ ಮೇಲೆ ಹೋಯಿತು. ಎಳೆದಿದ್ದ ನಾಲ್ಕು ಗೆರೆಯೂ ಬಿರುಕು ಬಿಟ್ಟು, ಅಂಚಿನಿಂದ ಎದ್ದು ಬರುತ್ತಿತ್ತು. ಈ ವರ್ಷ ಮಳೆ ಹಿಂದೆ ಸರಿದಿರಲಿಲ್ಲ, ಕೆಮ್ಮಣ್ಣು ಒಳಗೆ ಇನ್ನೂ ಹಸಿಯಿತ್ತು. ಮುಟ್ಟಿ ನೋಡದೆ ಅವಳು ಗೆರೆ ಎಳೆದಿದ್ದಳು. ಅವಳು ಅಂಥ ತಪ್ಪು ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಿರುಕನ್ನು ಉಗುರಿನಿಂದ ಮುಟ್ಟಿ ಕೇಳಿದಳು. "ಏಳು ದಿನಕ್ಕೆ ಒಳಗೆ ಒಣಗ್ತದಾ ಅಜ್ಜಿ?"

"ಬುಟ್ಟಿಯಾದ್ರೆ ಹೇಳ್ತಿದ್ದೆ. ತುಟಿ ಗೊತ್ತಿಲ್ಲ. ಗೊತ್ತಿದ್ದೋರನ್ನ ಕೇಳು."

ಅವಳು ಏಜೆನ್ಸಿಯ ರವೀಶ್ ಎಂಬುವನಿಗೆ ಫೋನು ಹಚ್ಚಿ, ನನಗೂ ಕೇಳುವಂತೆ ಜಗಲಿಯ ಮೇಲಿಟ್ಟಳು. ಹುಡುಗನ ಮಾತು ಜೇನು.

"ಹೇಳಿ ಮೇಡಂ. ಪೇಪರ್ಸ್ ರೆಡಿನಾ?"

"ನಂದು ಒಂದ್ಸಲ ಹೊಲಿದ ತುಟಿ. ಅದ್ರ ಮೇಲೆ ಮತ್ತೆ ಮಾಡ್ಬೇಕು. ಏಳು ದಿನ ಸಾಕಾ?"

"ಎಲ್ರಿಗೂ ಅಷ್ಟೇ ಮೇಡಂ. ಏನೂ ಆಗಲ್ಲ."

ನಾನು ಬಾಗಿ ಕೇಳಿದೆ. "ಹೊಲಿಗೆ ಬಿಚ್ಚೋರು ಯಾರು ತಮ್ಮಾ?"

"ಯಾರು ಮಾತಾಡ್ತಿರೋದು?"

"ಸೈನ್ ಹಾಕ್ಬೇಕಾದೋಳು."

"ಓ, ಅಜ್ಜಿ. ಅದನ್ನ ನಿಮ್ಮೂರಲ್ಲೇ ಯಾರಾದ್ರೂ ಡಾಕ್ಟ್ರು ಬಿಚ್ತಾರೆ."

"ಹಾಕಿದೋನೊಬ್ಬ, ಬಿಚ್ಚೋನೊಬ್ಬ. ಬಿಚ್ಚೋಹೊತ್ತಿಗೆ ಕೀವು ಕಂಡ್ರೆ ಯಾರನ್ನ ಕೇಳೋದು?"

"ನೀವು ಭಯಪಡ್ಬೇಡಿ ಅಜ್ಜಿ. ಅದೆಲ್ಲ ಇಂಗ್ಲಿಷಲ್ಲಿ ಬರೆದಿದೆ, ನಿಮಗೆ ಅರ್ಥ ಆಗಲ್ಲ."

"ಅರ್ಥ ಆಗಿದೆ, ಅದಕ್ಕೇ ಕೇಳ್ತಿರೋದು" ಎಂದದ್ದು ನಾನಲ್ಲ, ಭವ್ಯಾ. ಅಷ್ಟು ಗಟ್ಟಿಯಾಗಿ ಅವಳು ಹೊರಗಿನವರ ಜೊತೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಒಂಬತ್ತನೇ ಹಾಳೆಲಿ ಡಾಕ್ಟ್ರ ಹೆಸರಿನ ಜಾಗ ಖಾಲಿ ಬಿಟ್ಟಿದೀರಲ್ಲ. ಯಾರು ಮಾಡೋದು? ಮೊದ್ಲು ಅವ್ರತ್ರ ನಾನು ಮಾತಾಡ್ಬೇಕು."

"ಅದು ಅಲ್ಲಿಗೆ ಹೋದ್ಮೇಲೆ ಹೇಳ್ತಾರೆ ಮೇಡಂ. ಅವತ್ತು ಯಾರು ಇರ್ತಾರೋ ಅವ್ರು."

ಭವ್ಯಾ ಫೋನು ಕೈಗೆತ್ತಿಕೊಂಡಳು. "ಹಂಗಾರೆ ನನ್ನ ಹೆಸರು ತೆಗೀರಿ" ಎಂದು ಇಟ್ಟಳು.

ಒಳಗೆ ಸುಮನಾ ಯಾವಾಗಲೋ ಬಂದು ಬಾಗಿಲಿನ ಹಿಂದೆ ನಿಂತಿದ್ದಳು.

"ಬಿಟ್ಟಿಯಾ ಕೂಸೆ?" ಎಂದಳು, ದೇವರಿಗೆ ಕೈಮುಗಿಯುವ ಹಾಗೆ.

"ಬ್ಯಾಂಕಾಕ್ ಬಿಟ್ಟೆ. ತುಟಿ ಬಿಟ್ಟಿಲ್ಲಮ್ಮ."

"ಇದ್ದ ಹಂಗೇ ಚೆಂದ ಇದೀಯಲ್ಲೇ."

"ಚೆಂದ ಇದೀನೋ ಇಲ್ವೋ ಬೇರೆ ಮಾತು. ನಂಗೆ ಸರಿ ಮಾಡಿಸ್ಕಬೇಕು ಅನ್ಸಿದೆ."

ಸುಮನಾ ನನ್ನ ಮುಖ ನೋಡಿದಳು. "ಅವಳ ತುಟಿ" ಎಂದೆ. ಮತ್ತೇನು ಹೇಳುವುದು?

ಆ ಸಂಜೆ ಭವ್ಯಾ ಬುಟ್ಟಿಯ ಗೆರೆಗಳನ್ನು ಕೆರೆದು, ಹೊಸದಾಗಿ ಕೆಮ್ಮಣ್ಣು ಬಳಿದು, ಒಲೆಯ ಮೇಲಿನ ಅಟ್ಟದಲ್ಲಿಟ್ಟಳು. ಎರಡು ದಿನ ಮುಟ್ಟಲಿಲ್ಲ. ಆ ಎರಡು ದಿನ ಫೋನಿನಲ್ಲೇ ಕಳೆದಳು. ಒಂದು ಹಾಳೆಯ ಮೇಲೆ ಪ್ರಶ್ನೆ ಬರೆದುಕೊಂಡು, ಕಂಡ ಕಂಡ ಆಸ್ಪತ್ರೆಗೆ ಅದನ್ನೇ ಕೇಳಿದಳು. ಯಾರು ಮಾಡುತ್ತೀರಿ, ಇಂಥದ್ದು ಎಷ್ಟು ಮಾಡಿದ್ದೀರಿ, ಕೆಟ್ಟರೆ ಯಾರು ನೋಡುತ್ತೀರಿ. ಘಟ್ಟದ ಕೆಳಗಿನ ಒಂದು ಆಸ್ಪತ್ರೆಯ ಡಾಕ್ಟರಮ್ಮ ಮಾತ್ರ, "ಮೊದಲ ಸಲ ಹೊಲಿದಾಗಿನ ಕಾಗದ ಇದ್ದರೆ ತಗೊಂಡು ಬನ್ನಿ, ನೋಡದೆ ಏನೂ ಹೇಳಲ್ಲ" ಎಂದರಂತೆ.

ಶಿಬಿರದ ಚೀಟಿ ನನ್ನ ಟ್ರಂಕಿನಲ್ಲಿತ್ತು. ಇಪ್ಪತ್ತೈದು ವರ್ಷ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದೆ. ತೆಗೆದುಕೊಟ್ಟಾಗ ಭವ್ಯಾ ಅದನ್ನು ನೋಡಿ, ನನ್ನನ್ನು ನೋಡಿ, "ನಿನ್ನ ಕಟ್ಕಂಡ್ರೆ ಕಷ್ಟ ಅಜ್ಜಿ" ಎಂದಳು.

ಹುಣ್ಣಿಮೆ ಕಳೆದ ಮೇಲೆ ಹೋದಾಗ ಡಾಕ್ಟರಮ್ಮ ಚೀಟಿ ನೋಡಿ, ತುಟಿ ಮುಟ್ಟಿ ನೋಡಿ ಹೇಳಿದ್ದು ಇಷ್ಟು. ಒಂದು ಸಲಕ್ಕೆ ಮುಗಿಯುವುದಿಲ್ಲ. ಈಗ ತುಟಿ, ಒಂದು ವರ್ಷ ಬಿಟ್ಟು ಮೂಗು. ಗಂಟು ಹೋಗುತ್ತದೆ, ಸಣ್ಣ ಗೆರೆ ಉಳಿಯುತ್ತದೆ. ಬೇರೆ ಮುಖ ಬರುವುದಿಲ್ಲ. ಏನಾದರೂ ಆದರೆ ಬಸ್ಸು ಹತ್ತಿ ಬನ್ನಿ, ನಾನು ಇಲ್ಲೇ ಇರುತ್ತೇನೆ.

ಇಷ್ಟು ಕಡಿಮೆ ಭರವಸೆ ಕೊಟ್ಟವರನ್ನೇ ನನ್ನ ಮೊಮ್ಮಗಳು ಆರಿಸಿಕೊಂಡಳು.

ಉಳಿದದ್ದು ರಜೆ. ಹುಷಾರಿಲ್ಲ ಎಂದು ಬರೆದರೆ ಯಾರೂ ಕೇಳುತ್ತಿರಲಿಲ್ಲ. ಅವಳು ಅರ್ಜಿಯನ್ನು ಕನ್ನಡದಲ್ಲಿ ಬರೆದು ನನ್ನ ಮುಂದೆ ಹಿಡಿದಳು. ಬೆರಳಿಟ್ಟು ಓದಿದೆ. "ನನ್ನ ಮೇಲ್ದುಟಿಯ ಶಸ್ತ್ರಚಿಕಿತ್ಸೆಗಾಗಿ" ಎಂದಿತ್ತು. ಅದನ್ನು ತೀರ್ಥಹಳ್ಳಿಯ ಮ್ಯಾನೇಜರರ ಮೇಜಿನ ಮೇಲೆ ತಾನೇ ಇಟ್ಟಳಂತೆ, ಮಾಸ್ಕು ತೆಗೆದು. ಅವತ್ತು ಕೌಂಟರಿನಲ್ಲೂ ಹಾಗೆಯೇ ಕೂತಳಂತೆ. ಚೈತ್ರಾ ನನಗೆ ಫೋನು ಮಾಡಿ ಹೇಳಿದಳು. "ಅಜ್ಜಿ, ಅವಳು ನನ್ನ ಕಡೆ ತಿರುಗಿ ಊಟ ಮಾಡಿದ್ಳು."

ಆಪರೇಶನ್ನಿನ ಹಿಂದಿನ ದಿನ ಮಗ ರಾಜೇಂದ್ರ, ಸೊಸೆ, ನಾನು ಮೂವರೂ ಹೋಗಿದ್ದೆವು. ರಾಜೇಂದ್ರನ ಕೋಪ ಇಳಿದಿತ್ತು. ಸಹಿ ತಾನು ಹಾಕುತ್ತೇನೆ ಎಂದ. ಭವ್ಯಾ, "ಅಜ್ಜಿ ಹಾಕ್ಲಿ ಅಪ್ಪಯ್ಯ" ಎಂದಳು.

ನರ್ಸು ಕಾಗದ ತಂದಳು. ನನ್ನ ಸೀರೆ, ಬಿಳಿತಲೆ ನೋಡಿ, ಮಸಿ ಪ್ಯಾಡಿನ ಮುಚ್ಚಳ ತೆಗೆದು ಮಂಚದ ಮೇಲಿಟ್ಟಳು.

"ಅಜ್ಜಿ, ಎಡಗೈ ಹೆಬ್ಬೆಟ್ಟು ಕೊಡಿ."

ಮಂಚದ ಮೇಲೆ ಕೂತಿದ್ದ ಭವ್ಯಾ ಆ ಮುಚ್ಚಳವನ್ನು ಪ್ಯಾಡಿಗೆ ಮತ್ತೆ ಹಾಕಿದಳು. "ನಮ್ಮಜ್ಜಿ ಓದ್ತಾರೆ ಸಿಸ್ಟರ್. ಸ್ವಲ್ಪ ತಡ ಆಗ್ತದೆ. ಬೇರೆ ಕೆಲಸ ಇದ್ರೆ ಮುಗಿಸ್ಕಂಡು ಬನ್ನಿ."

ನರ್ಸು ಹೋಗಲಿಲ್ಲ. ಸುಮನಾ ನನ್ನ ಕನ್ನಡಕ ಒರೆಸಿ ಕೊಟ್ಟಳು. ಒಟ್ಟು ನಾಲ್ಕು ಹಾಳೆ, ಕನ್ನಡದಲ್ಲಿತ್ತು. ಮೊದಲ ಹಾಳೆಯಲ್ಲೇ ಡಾಕ್ಟರಮ್ಮನ ಹೆಸರಿತ್ತು. ಅಲ್ಲಿ ಬೆರಳಿಟ್ಟು ಓದಲು ಶುರುಮಾಡಿದೆ.